ಮ್ಯೂಸಿಯಂನಲ್ಲಿ ಬಳ್ಳಾರಿಯ ನಾಳೆ: ಇಂಟರ್ನ್‌ಶಿಪ್‌ಗೆ ಬಂದವರು ಪ್ರದರ್ಶನ ಕಟ್ಟುವುದು ಹೇಗೆ

ಡಿಗ್ರಿ ಓದುವ ಬಹಳ ಜನರಿಗೆ ಈಗ ಇಂಟರ್ನ್‌ಶಿಪ್ ಅಂತ ಒಂದು ಇರುತ್ತದೆ. ಕೆಲವರಿಗೆ ಮ್ಯೂಸಿಯಂ ಸಿಗುತ್ತದೆ. ಅಲ್ಲಿ ಸಾಮಾನ್ಯವಾಗಿ ಕೊಡುವ ಕೆಲಸ ಅಂದರೆ ರಿಜಿಸ್ಟರ್ ಬರೆಯುವುದು, ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ಆದರೆ ಯಾರೋ ಪುಣ್ಯಾತ್ಮರು ಒಂದು ಖಾಲಿ ಕೋಣೆ ತೋರಿಸಿ, "ನಮ್ಮ ಭಾಗದ ಮುಂದಿನ ದಿನಗಳ ಬಗ್ಗೆ ಒಂದು ಪ್ರದರ್ಶನ ಮಾಡಿ" ಅಂದುಬಿಟ್ಟರೆ? ಖುಷಿ ಆಗುತ್ತದೆ, ಆಮೇಲೆ ಕೈಕಾಲು ಆಡೋದಿಲ್ಲ. ಹಳೇ ಕಾಲದ್ದಾದರೆ ಕಲ್ಲು, ಮಡಕೆ, ಶಾಸನ ಇಡಬಹುದು. ಇನ್ನೂ ಆಗದೇ ಇರುವುದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋದು ಹೇಗೆ?

ಮೊದಲು ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ. ಗೂಗಲ್‌ನಲ್ಲಿ ಸಿಗುವ ಗಾಜಿನ ಕಟ್ಟಡ, ಹಾರುವ ಕಾರು, ಕೈಯಲ್ಲಿ ಟ್ಯಾಬ್ ಹಿಡಿದು ನಗುತ್ತಿರುವ ರೈತ, ಡ್ರೋನ್ ಇವನ್ನೆಲ್ಲ ಫ್ಲೆಕ್ಸ್ ಮಾಡಿಸಿ "ಬಳ್ಳಾರಿ 2050" ಅಂತ ತೂಗುಹಾಕಬೇಡಿ. ಒಂದು ಸುಲಭ ಪರೀಕ್ಷೆ ಇದೆ. ಫಲಕದಲ್ಲಿ ಬಳ್ಳಾರಿ ಅನ್ನುವ ಹೆಸರು ಅಳಿಸಿ ದಾವಣಗೆರೆ ಅಂತ ಬರೆಯಿರಿ. ಆಗಲೂ ಎಲ್ಲ ಸರಿಹೊಂದಿದರೆ ಆ ಫಲಕ ದಂಡ, ಹರಿದುಹಾಕಿ.

ನನ್ನ ಪ್ರಕಾರ ಒಂದು ಊರಿನ ನಾಳೆ ಇರೋದು ಇವತ್ತು ಜನ ಜಗಳ ಆಡುತ್ತಿರುವ ವಿಷಯಗಳಲ್ಲಿ. ನೀರು ಯಾರಿಗೆ ಎಷ್ಟು, ಗಣಿ ಎಷ್ಟು ದಿನ, ಕಾರ್ಖಾನೆ ಯಾವ ಊರಿನ ಪಕ್ಕ, ಓದಿದ ಹುಡುಗರಿಗೆ ಕೆಲಸ ಎಲ್ಲಿ. ಇವುಗಳಲ್ಲಿ ಇನ್ನೂ ತೀರ್ಮಾನ ಆಗದೇ ಇರುವುದನ್ನು ಹುಡುಕಿ. ಅದಕ್ಕೆ ಸಂಬಂಧಪಟ್ಟ, ಇವತ್ತು ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇಡಿ. ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಿರಿ. ಭವಿಷ್ಯದ ಪ್ರದರ್ಶನ ಅಂದರೆ ಇಷ್ಟೇ. ಉಳಿದದ್ದೆಲ್ಲ ಹೇಗೆ ಮಾಡೋದು ಅನ್ನುವ ವಿಚಾರ.

ಕೆಲಸ ಶುರು ಮಾಡುವ ಮುಂಚೆ

ಮ್ಯೂಸಿಯಂನವರ ಜೊತೆ ಕೂತು ಮೂರು ವಿಷಯ ಬಗೆಹರಿಸಿಕೊಳ್ಳಿ. ಯಾವ ಗೋಡೆ, ಎಷ್ಟು ದಿನ. ದುಡ್ಡು ಎಷ್ಟು, ಬಿಲ್ ಯಾರ ಹೆಸರಿಗೆ. ಫಲಕದ ಬರಹಕ್ಕೆ ಕೊನೆಯ ಸಹಿ ಯಾರದು. ಮೂರನೆಯದನ್ನು ಸಂಕೋಚದಿಂದ ಕೇಳದೇ ಬಿಟ್ಟರೆ ಉದ್ಘಾಟನೆಯ ಹಿಂದಿನ ದಿನ ಯಾರೋ ಬಂದು "ಇದನ್ನ ತೆಗೀರಿ" ಅನ್ನುತ್ತಾರೆ. ಅದಕ್ಕೇ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿ, "ವಿದ್ಯಾರ್ಥಿಗಳು ಆರಿಸಿದ ವಿಷಯ, ವಿದ್ಯಾರ್ಥಿಗಳ ಬರಹ" ಅಂತ ಅದರಲ್ಲಿ ಸೇರಿಸಿ. ಇಡೀ ಮ್ಯೂಸಿಯಂ ಕೇಳಬೇಡಿ. ಒಂದೇ ಕೋಣೆ ಸಾಕು, ಆದರೆ ಅದರಲ್ಲಿ ಏನಿರಬೇಕು ಅನ್ನೋದು ನಿಮ್ಮ ತೀರ್ಮಾನ ಆಗಿರಲಿ.

ಇನ್ನು ಗುಂಪು. ಹತ್ತು ಜನ ಇದ್ದರೆ ಹತ್ತೂ ಜನ ಎಲ್ಲ ಮಾಡೋಕೆ ಹೋಗಬೇಡಿ. ಮಾತಾಡಿಸೋರು, ಬರೆಯೋರು, ವಸ್ತು ನೋಡಿಕೊಳ್ಳೋರು, ಪ್ರಿಂಟು-ಮೊಳೆ-ಲೈಟು ನೋಡಿಕೊಳ್ಳೋರು ಅಂತ ಹಂಚಿಕೊಳ್ಳಿ. ಡಿಸೈನ್ ಬರುವವನಿಗೇ ಎಲ್ಲ ಹೊರಿಸಿ ಉಳಿದವರು ಸೆಲ್ಫಿ ತೆಗೆಯುವ ಗುಂಪುಗಳನ್ನು ನೋಡಿದ್ದೇನೆ, ಬೇಡ.

ಪ್ರಶ್ನೆ ಆರಿಸೋದು

ಪ್ರತಿಯೊಬ್ಬರೂ ಒಂದೊಂದು ಚೀಟಿಯಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ. "ನೀರಾವರಿ" ಅಂತ ಬರೆದರೆ ಆಗಲ್ಲ, ಅದು ಪಠ್ಯಪುಸ್ತಕದ ಪಾಠದ ಹೆಸರು. "ಡ್ಯಾಂನಲ್ಲಿ ಹೂಳು ಹೀಗೇ ತುಂಬುತ್ತಾ ಹೋದರೆ ಎರಡನೇ ಬೆಳೆ ಯಾರಿಗೆ ಸಿಗುತ್ತದೆ?" ಅಂತ ಬರೆದರೆ ಅದು ಪ್ರಶ್ನೆ. ಓದಿದವರಿಗೆ ತಕ್ಷಣ ಏನಾದರೂ ಹೇಳಬೇಕು ಅನ್ನಿಸಬೇಕು. ಚೀಟಿಗಳನ್ನೆಲ್ಲ ಹರಡಿ, ನಾಲ್ಕೈದು ಉಳಿಸಿಕೊಳ್ಳಿ. ಜಾಸ್ತಿ ಬೇಡ. ನಿಂತು ನೋಡುವವರಿಗೆ ಅರ್ಧ ಗಂಟೆ ಆದಮೇಲೆ ಕಾಲು ನೋಯುತ್ತದೆ, ಏನೂ ತಲೆಗೆ ಹೋಗಲ್ಲ.

ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಹಿಂದಿನವರು ಕಂಡಿದ್ದ ನಾಳೆಯಿಂದ ಶುರು ಮಾಡಿ. 1953 ಒಳ್ಳೇ ವರ್ಷ. ಮದ್ರಾಸ್ ಕಡೆ ಇದ್ದ ಬಳ್ಳಾರಿ ಆ ವರ್ಷ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರಾ ಡ್ಯಾಂ ಕೆಲಸ ಮುಗಿದದ್ದೂ ಅದೇ ವರ್ಷ. ಆಗಿನ ಜನ ಏನೇನು ಆಸೆ ಇಟ್ಟುಕೊಂಡಿದ್ದರು? ಹಳೇ ಪತ್ರಿಕೆ, ಮನೆಯ ಟ್ರಂಕಿನಲ್ಲಿರುವ ಫೋಟೋ, ಕಾಲುವೆ ಬಂದಮೇಲೆ ಜೋಳ ಬಿಟ್ಟು ಭತ್ತಕ್ಕೆ ಇಳಿದ ಅಜ್ಜಂದಿರ ಮಾತು, ಇವೆಲ್ಲ ಸಿಗುತ್ತವೆ. ಆಸೆ ಯಾವುದು ನೆರವೇರಿತು, ಯಾವುದು ಇಲ್ಲ ಅಂತ ನೋಡಿದ ಮೇಲೆ ನಮ್ಮ ಆಸೆಗಳ ಬಗ್ಗೆ ಮಾತಾಡೋದು ಸುಲಭ. ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆ ಎದ್ದವು, ಅಕ್ಕಿ ಗಿರಣಿ ಬಂದವು. ಅದರ ಜೊತೆಗೇ ನೀರು ನಿಂತು, ಉಪ್ಪು ಮೇಲೆ ಬಂದು ಜೌಳಾದ ಹೊಲಗಳೂ ಬಂದವು. ಎರಡನ್ನೂ ಒಂದೇ ಗೋಡೆಯ ಮೇಲೆ ಹಾಕಿ.

ವಸ್ತು ಹುಡುಕೋದು

ಇಲ್ಲೇ ಸಮಯ ಜಾಸ್ತಿ ಕೊಡಿ. ಫಲಕ ಯಾರು ಬೇಕಾದರೂ ಮಾಡುತ್ತಾರೆ. ವಸ್ತು ಇಲ್ಲದಿದ್ದರೆ ಜನ ಮೊಬೈಲ್‌ನಲ್ಲೇ ಓದಿಕೊಳ್ಳುತ್ತಾರೆ, ಮ್ಯೂಸಿಯಂಗೆ ಯಾಕೆ ಬರಬೇಕು?

ಡ್ಯಾಂ ವಿಷಯವನ್ನೇ ತೆಗೆದುಕೊಳ್ಳಿ. ಡ್ಯಾಂ ಇರೋದು ಈಗ ವಿಜಯನಗರ ಜಿಲ್ಲೆಯ ಹೊಸಪೇಟೆ ಪಕ್ಕ, ಆದರೆ ಅದರ ನೀರು ನೋಡಿಕೊಂಡು ಕೂತವರು ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105.8 ಟಿಎಂಸಿ ಲೆಕ್ಕ. ಈ ಅಂಕಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುತ್ತದೆ, ಆದರೆ ಕಣ್ಣಿಗೆ ಕಂಡವರಿಲ್ಲ. ಹಾಗಾಗಿ 133 ಪಾರದರ್ಶಕ ಪ್ಲಾಸ್ಟಿಕ್ ಲೋಟ ತನ್ನಿ. ಒಂದು ಲೋಟ ಅಂದರೆ ಒಂದು ಟಿಎಂಸಿ. 27 ಲೋಟಕ್ಕೆ ಮಣ್ಣು ತುಂಬಿ, ಉಳಿದವಕ್ಕೆ ನೀರು. ಉದ್ದ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದರೆ ಓದು ಬಾರದವರಿಗೂ ಒಂದು ನೋಟಕ್ಕೆ ಅರ್ಥ ಆಗುತ್ತದೆ. ಕೆಳಗೆ ಸಣ್ಣದಾಗಿ ಒಂದು ಸಾಲು: ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್.

ಇಲ್ಲಿ ಒಂದಿಷ್ಟು ತಾಂತ್ರಿಕ ಕಿರಿಕಿರಿ ಇದೆ. ಬಹಳಷ್ಟು ಮ್ಯೂಸಿಯಂಗಳಲ್ಲಿ ಗ್ಯಾಲರಿಯೊಳಗೆ ನೀರು ಬಿಡಲ್ಲ, ಬಿಡಬಾರದು ಕೂಡ. ಬಿಟ್ಟರೂ ನಮ್ಮ ಬಿಸಿಲಿಗೆ ಲೋಟದ ನೀರು ದಿನ ದಿನ ಇಳಿಯುತ್ತದೆ, ನಿಮ್ಮ ಲೆಕ್ಕ ತಪ್ಪಿದಂತೆ ಕಾಣುತ್ತದೆ, ಮೇಲೆ ಸೊಳ್ಳೆ ಬೇರೆ. ಲೋಟದೊಳಗೆ ನೀಲಿ ಜಿಲೆಟಿನ್ ಪೇಪರ್ ಸುತ್ತಿಟ್ಟರೆ ಸಾಕು. ಮಣ್ಣನ್ನು ಜರಡಿ ಹಿಡಿದು, ಒಂದೆರಡು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ ತುಂಬಿ. ಹಸಿ ಮಣ್ಣಿನ ಜೊತೆ ಹುಳು ಒಳಗೆ ಬಂದು ಪಕ್ಕದ ಕೋಣೆಯ ಹಳೇ ಬಟ್ಟೆ, ಕಾಗದಕ್ಕೆ ಹತ್ತಿದರೆ ಮ್ಯೂಸಿಯಂನವರು ನಿಮ್ಮನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲ್ಲ.

ಇದರ ಪಕ್ಕದಲ್ಲಿ ಒಂದು ದಪ್ಪ ಸರಪಳಿಯ ಕೊಂಡಿ ಇಡಬಹುದು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟುಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ವಾರದೊಳಗೆ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆ) ಇಳಿಸಿ ನೀರು ತಡೆದರು. ಆ ವಾರ ಇಲ್ಲಿನ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಿಜವಾದ ಚೈನ್ ಸಿಗಲಿಕ್ಕಿಲ್ಲ. ಗುಜರಿಯಿಂದ ಬೇರೆ ಸರಪಳಿ ತಂದರೆ "ಇದು ಡ್ಯಾಂನದಲ್ಲ, ಮಾದರಿ" ಅಂತ ಸ್ಪಷ್ಟವಾಗಿ ಬರೆಯಿರಿ. ಮ್ಯೂಸಿಯಂನಲ್ಲಿ ಸುಳ್ಳು ವಸ್ತು ಇಡಬಾರದು, ಒಂದು ಸಿಕ್ಕಿಬಿದ್ದರೆ ಉಳಿದದ್ದನ್ನೂ ಯಾರೂ ನಂಬಲ್ಲ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಜೋಡಿ ಕುಡತಿನಿಯದು. ಅಲ್ಲಿ ನವಶಿಲಾಯುಗದ ಬೂದಿದಿಬ್ಬ ಇದೆ. ಸಾವಿರಾರು ವರ್ಷ ಹಿಂದೆ ದನ ಕಟ್ಟುತ್ತಿದ್ದ ಜನ ಸಗಣಿ ಗುಡ್ಡೆ ಹಾಕಿ ಸುಟ್ಟು ಸುಟ್ಟು ಆದ ದಿಬ್ಬ ಅದು. ಅದೇ ಕುಡತಿನಿಯಲ್ಲಿ ಈಗ 1,700 ಮೆಗಾವ್ಯಾಟ್‌ನ ಬಿಟಿಪಿಎಸ್ (ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರ) ಇದೆ, ಕಲ್ಲಿದ್ದಲು ಸುಡುತ್ತದೆ, ಅದೂ ಬೂದಿ ಬಿಡುತ್ತದೆ. ಒಂದೇ ಊರು, ಎರಡು ಬೂದಿ. ಒಂದು ಗಾಜಿನ ಬಾಟಲಿಯಲ್ಲಿ ಹಾರುಬೂದಿ, ಪಕ್ಕದಲ್ಲಿ ಬೂದಿದಿಬ್ಬದ ಫೋಟೋ. ಪ್ರಶ್ನೆ: "ಮುಂದೆ ಇಲ್ಲಿ ಅಗೆಯುವವರಿಗೆ ನಮ್ಮ ಬೂದಿ ಏನು ಹೇಳುತ್ತದೆ?" ಇಷ್ಟು ಸಾಕು, ಉದ್ದುದ್ದ ವಿವರಣೆ ಬೇಕಿಲ್ಲ.

ಗಮನಿಸಿ, ಹಳೇ ದಿಬ್ಬದ್ದು ಫೋಟೋ ಮಾತ್ರ ಅಂದೆ. ಬೂದಿದಿಬ್ಬ ಇರಲಿ, ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡ ಇರಲಿ, ಹಿರೇಬೆಣಕಲ್ ಇರಲಿ, ಪುರಾತತ್ವದ ಜಾಗದಿಂದ ಒಂದು ಹಿಡಿ ಮಣ್ಣು, ಒಂದು ಕಲ್ಲಿನ ಚಕ್ಕೆ ಕೂಡ ತರಬೇಡಿ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ಹಸ್ತಪ್ರತಿಗಾದರೆ 75 ವರ್ಷ. ಕಲ್ಲಿನ ಕೊಡಲಿಯೇ ಬೇಕು ಅಂದರೆ ಮ್ಯೂಸಿಯಂ ಸಂಗ್ರಹದಲ್ಲಿ ಇರುವುದನ್ನು ಕೇಳಿ. ಬಳ್ಳಾರಿಯಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆ, ಇನ್ನೂ ಹೋಗಿಲ್ಲದಿದ್ದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಸಂಗನಕಲ್ಲಿನ ಜನ ಕಲ್ಲಿನ ಕೊಡಲಿಗಳನ್ನು ರಾಶಿಗಟ್ಟಲೆ ತಯಾರಿಸುತ್ತಿದ್ದರು. ಇಲ್ಲಿನ ಜನ ಕಲ್ಲು ಒಡೆದು ಬದುಕುತ್ತಿರುವುದು ಸಂಡೂರಿನ ಗಣಿಗಿಂತ ಬಹಳ ಹಳೇ ಕಥೆ ಅಂತ ಅಲ್ಲಿ ಗೊತ್ತಾಗುತ್ತದೆ.

ಮನೆಗಳಿಂದ, ಕೆಲಸದ ಜಾಗಗಳಿಂದಲೂ ವಸ್ತು ತನ್ನಿ. ಜೀನ್ಸ್ ಹೊಲಿಯುವವರ ಕತ್ತರಿ, ವಾಷಿಂಗ್ ಆಗುವ ಮುಂಚಿನ ಒಂದು ಪ್ಯಾಂಟು ಮತ್ತು ಆದ ಮೇಲಿನ ಒಂದು. ಸಂಡೂರಿನ ಲಂಬಾಣಿ ಕಸೂತಿ, ಕಿನ್ನಾಳದ ಗೊಂಬೆ. ಗುಳೆ ಹೋಗುವವರು ಕಟ್ಟುವ ಗಂಟು, ಅದರೊಳಗೆ ಏನೇನು ಇರುತ್ತದೆ ಅನ್ನುವ ಪಟ್ಟಿ. ಬೆಂಗಳೂರಿಗೆ ಕೆಲಸ ಹುಡುಕಿ ಹೊರಟ ನಿಮ್ಮದೇ ಸೀನಿಯರ್‌ನ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟಿನ ಜೆರಾಕ್ಸ್ (ಹೆಸರು, ನಂಬರ್ ಮುಚ್ಚಿ). ಈ ಕೊನೇ ಎರಡು ನೋಡಿ ನಿಮ್ಮ ವಯಸ್ಸಿನವರು ನಿಂತುಬಿಡುತ್ತಾರೆ.

ಯಾರ ಹತ್ತಿರ ಏನೇ ತೆಗೆದುಕೊಂಡರೂ ಒಂದು ಚೀಟಿ ಬರೆದುಕೊಡಿ: ಏನು, ಯಾರದು, ಯಾವಾಗ ವಾಪಸ್, ಈಗ ಹೇಗಿದೆ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಇರುವ ಬಿರುಕು, ಕಲೆ ಕಾಣುವಂತೆ. "ನಮ್ಮ ಮಾವನದೇ ಬಿಡು" ಅಂತ ಚೀಟಿ ಇಲ್ಲದೆ ತಂದದ್ದಕ್ಕೇ ಆಮೇಲೆ ಮನೆಯಲ್ಲಿ ಮಾತು ಬರೋದು.

ಮಾತಾಡಿಸೋದು

"ನಮ್ಮ ಜಿಲ್ಲೆಯ ಭವಿಷ್ಯದ ಬಗ್ಗೆ ಏನು ಹೇಳುತ್ತೀರಿ?" ಅಂತ ಮೈಕು ಹಿಡಿದರೆ ಎಂಥವರೂ ಭಾಷಣ ಶುರು ಮಾಡುತ್ತಾರೆ. ಸಣ್ಣದು ಕೇಳಿ. ಬೋರ್ ಎಷ್ಟು ಅಡಿಗೆ ಹೋಯಿತು? ನಿಮ್ಮ ಅಪ್ಪನ ಕಾಲದಲ್ಲಿ ಎಷ್ಟಿತ್ತು? ಈ ಹೊಲ ನಿಮ್ಮ ಮಗ ಮಾಡುತ್ತಾನಾ? ಈ ಮಷಿನ್ ಮೇಲೆ ಹತ್ತು ವರ್ಷ ಬಿಟ್ಟು ಯಾರು ಕೂತಿರುತ್ತಾರೆ? ಮಗಳನ್ನು ಏನು ಓದಿಸುತ್ತೀರಿ, ಆಮೇಲೆ ಅವಳು ಇಲ್ಲೇ ಇರುತ್ತಾಳಾ? ಇಂಥ ಪ್ರಶ್ನೆಗೆ ಜನ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಾಗ ನೀವು ಬಾಯಿ ಹಾಕಬೇಡಿ, ಆಮೇಲೆ ಬರುವ ಮಾತೇ ನಿಮಗೆ ಬೇಕಾದದ್ದು.

"ಅಜ್ಜಾ", "ಯಕ್ಕಾ", "ಅಣ್ಣಾ" ಅಂತಲೇ ಕರೆಯಿರಿ, ಸರ್-ಮೇಡಂ ಅಂದರೆ ಅವರು ಬ್ಯಾಂಕಿನವರು ಬಂದರೇನೋ ಅಂತ ಬಿಗಿಯಾಗುತ್ತಾರೆ. ಅವರ ಮಾತನ್ನು ಹಾಗೇ ಬರೆಯಿರಿ. "ನೀರು ಬರಾಕತ್ತಿಲ್ಲ" ಅಂದಿದ್ದನ್ನು "ನೀರಿನ ಅಭಾವವಿದೆ" ಅಂತ ತಿದ್ದಿದರೆ ಮಾತಾಡಿದವರೇ ಕಾಣೆಯಾಗುತ್ತಾರೆ. ಬಳ್ಳಾರಿ ಊರೊಳಗೆ ಅರ್ಧ ಮಾತು ತೆಲುಗಿನಲ್ಲಿ ನಡೆಯುತ್ತದೆ, ಉರ್ದು ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ಆ ಧ್ವನಿ ಹಾಗೇ ಕೇಳಿಸಿ, ಕೆಳಗೆ ಕನ್ನಡ ಹಾಕಿ.

ರೆಕಾರ್ಡ್ ಮಾಡೋಕೆ ಮೊಬೈಲ್ ಸಾಕು. ಗಾಳಿ ಇಲ್ಲದ ಕಡೆ ಕೂರಿಸಿ, ಫ್ಯಾನ್ ಆರಿಸಿ, ಕಾಲರ್ ಮೈಕ್ ಸಿಕ್ಕರೆ ಇನ್ನೂ ಒಳ್ಳೇದು. ಎಲ್ಲಿ ಹಾಕುತ್ತೀರಿ, ಹೆಸರು ಹಾಕಬಹುದಾ, ಫೋಟೋ ಹಾಕಬಹುದಾ ಅಂತ ಬೇರೆ ಬೇರೆಯಾಗಿ ಕೇಳಿ, ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ. ಗಣಿ, ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಹೆಸರು ಬೇಡ ಅಂದರೆ ಒತ್ತಾಯ ಬೇಡವೇ ಬೇಡ, ಅವರ ಹೊಟ್ಟೆಪಾಡಿನ ವಿಷಯ ಅದು.

ಜಗಳದ ವಿಷಯ ಬಂದಾಗ

ಬರುತ್ತದೆ. ಗಣಿ ಅಂದ ಕೂಡಲೇ ಬರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಕೆಂಪು ಧೂಳು ಕಮ್ಮಿಯಾಯಿತು ಅಂದವರೂ ಇದ್ದಾರೆ, ಲಾರಿಯ ಕಂತು ಕಟ್ಟಲಾಗದೆ ಮುಳುಗಿದವರೂ ಇದ್ದಾರೆ. ಇಬ್ಬರೂ ಇದೇ ಊರಿನವರು. ಕೊಪ್ಪಳದಲ್ಲಿ ಕಾರ್ಖಾನೆ ಬೇಡ ಅಂತ ಜನ ಬೀದಿಗಿಳಿಯುತ್ತಾರೆ, ಅದೇ ಕಾರ್ಖಾನೆಯ ಸಂಬಳದಲ್ಲಿ ಮನೆ ಕಟ್ಟಿದವರೂ ಅಲ್ಲೇ ಇರುತ್ತಾರೆ. ರಾಯಚೂರಿನಲ್ಲಿ ಏಮ್ಸ್ ಬೇಕು ಅಂತ ವರ್ಷಗಟ್ಟಲೆ ಧರಣಿ ಕೂತವರಿದ್ದಾರೆ. ನೀವು ಜಡ್ಜ್ ಆಗೋಕೆ ಹೋಗಬೇಡಿ. ಆದರೆ "ಎರಡೂ ಕಡೆ ಸರಿ" ಅಂತ ತಿಪ್ಪೆ ಸಾರಿಸಲೂ ಬೇಡಿ. ಯಾರಿಗೆ ಏನು ಸಿಗುತ್ತದೆ, ಯಾರ ಕೈಯಿಂದ ಏನು ಹೋಗುತ್ತದೆ ಅಂತ ನೇರವಾಗಿ ಬರೆಯಿರಿ. ಅಂಕಿ ಹಾಕಿದರೆ ಯಾವ ವರ್ಷದ್ದು, ಯಾರ ಲೆಕ್ಕ ಅಂತ ಪಕ್ಕದಲ್ಲೇ ಹಾಕಿ.

ದುಡ್ಡಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಪ್ರದರ್ಶನದಲ್ಲಿ ಯಾವ ಉದ್ಯಮದ ಬಗ್ಗೆ ಪ್ರಶ್ನೆ ಇದೆಯೋ ಅದೇ ಉದ್ಯಮದ ಹತ್ತಿರ ಸ್ಪಾನ್ಸರ್ ಕೇಳಬಾರದು. ಲೋಟ, ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), ಪ್ರಿಂಟಿಗೆ ಆಗುವ ಖರ್ಚು ಅಷ್ಟೇನೂ ದೊಡ್ಡದಲ್ಲ. ಹಳೇ ವಿದ್ಯಾರ್ಥಿಗಳ ಹತ್ತಿರ ಕೇಳಿದರೆ ಆಗುತ್ತದೆ.

ಫಲಕ ಬರೆಯೋದು, ಪ್ರಿಂಟ್ ಹಾಕಿಸೋದು

ಒಂದು ವಸ್ತುವಿನ ಪಕ್ಕದ ಬರಹ ಐವತ್ತು ಪದ ದಾಟಬಾರದು. ಕೋಣೆಯ ಮೊದಲ ಫಲಕ ನೂರು. "ಪ್ರಸ್ತುತ ದಿನಮಾನಗಳಲ್ಲಿ ಜಾಗತೀಕರಣದ ಪರಿಣಾಮವಾಗಿ" ಅಂತ ಶುರುವಾದ ಬರಹವನ್ನು ಅಲ್ಲೇ ನಿಲ್ಲಿಸಿ. ಜೀನ್ಸ್ ಪ್ಯಾಂಟಿಗೆ ಹೀಗೆ ಬರೆದರೆ ಸಾಕು: "ಈ ಪ್ಯಾಂಟು ಬಳ್ಳಾರಿಯಲ್ಲಿ ಹೊಲಿದದ್ದು. ಈ ಮಾಸಿದ ನೀಲಿ ಬರಬೇಕಾದರೆ ಇದನ್ನು ಮತ್ತೆ ಮತ್ತೆ ತೊಳೆಯಬೇಕು. ತೊಳೆದ ನೀರು ಎಲ್ಲಿಗೆ ಹೋಗಬೇಕು? ಜೀನ್ಸ್ ಕಾರ್ಖಾನೆಗಳಿಗೇ ಮೀಸಲಾದ ಜೀನ್ಸ್ ಪಾರ್ಕ್ ಬಂದರೆ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಇದು."

ಮೊದಲು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಮ್ಯೂಸಿಯಂನ ವಾಚ್‌ಮನ್ ಅಣ್ಣನಿಗೆ, ಯಾರಾದರೂ ಹೈಸ್ಕೂಲ್ ಮಕ್ಕಳಿಗೆ ಗಟ್ಟಿಯಾಗಿ ಓದೋಕೆ ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

ಈಗ ಎಲ್ಲರ ತಲೆನೋವು, ಫಾಂಟು. ನೀವು ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತೀರಿ. ಫ್ಲೆಕ್ಸ್ ಅಂಗಡಿಯವರು ಹಳೇ ನುಡಿ ಅಥವಾ ಶ್ರೀಲಿಪಿಯಲ್ಲಿ ಕೆಲಸ ಮಾಡುತ್ತಾರೆ. ನಿಮ್ಮ ಫೈಲು ಅಲ್ಲಿ ತೆರೆದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಹಳೇ ಫೋಟೋಶಾಪ್‌ನಲ್ಲೂ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಇದೇ ಕಥೆ. ನೀವೇ ನೋಟೊ ಸಾನ್ಸ್ ಕನ್ನಡದಂಥ ಫಾಂಟಿನಲ್ಲಿ ವಿನ್ಯಾಸ ಮಾಡಿ ಪಿಡಿಎಫ್ ಕೊಡಿ, "ಇದನ್ನ ಮುಟ್ಟಬೇಡಿ ಅಣ್ಣಾ, ಹಂಗೇ ಹೊಡೀರಿ" ಅನ್ನಿ. ದೊಡ್ಡ ಪ್ರಿಂಟ್‌ಗೆ ಮುಂಚೆ ಒಂದು ಸಣ್ಣ ಪ್ರೂಫ್ ನೋಡದೆ ದುಡ್ಡು ಕೊಡಬೇಡಿ. ಅಕ್ಷರದ ಗಾತ್ರ ವಸ್ತುವಿನ ಚೀಟಿಗೆ 24 ಪಾಯಿಂಟ್‌ಗಿಂತ ಕಮ್ಮಿ ಬೇಡ, ಗೋಡೆಯ ಫಲಕಕ್ಕೆ 36ರ ಮೇಲೆ ಇರಲಿ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ, ಅದಕ್ಕೇ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ.

ಫ್ಲೆಕ್ಸ್‌ಗಿಂತ ಸನ್‌ಬೋರ್ಡ್ ಮೇಲೆ ಮ್ಯಾಟ್ ಪ್ರಿಂಟ್ ಒಳ್ಳೇದು. ಹೊಳೆಯಲ್ಲ, ವಾಸನೆ ಇಲ್ಲ, ಎಲೆಕ್ಷನ್ ಬ್ಯಾನರ್ ಥರ ಕಾಣಲ್ಲ.

ಗೋಡೆಗೆ ಏರಿಸೋದು

ಏಪ್ರಿಲ್-ಮೇ ತಿಂಗಳ ಬಳ್ಳಾರಿ ಗೋಡೆಗೆ ಡಬಲ್ ಟೇಪ್ ನಿಲ್ಲಲ್ಲ. ರಾತ್ರಿ ಹಾಕಿದ್ದು ಮಧ್ಯಾಹ್ನ ಕೆಳಗಿರುತ್ತದೆ. ಮೊಳೆ ಹೊಡೆಯೋಕೆ ಬಿಡದಿದ್ದರೆ ಮರದ ಚೌಕಟ್ಟು ಮಾಡಿಸಿ ನಿಲ್ಲಿಸಿ, ಇಲ್ಲ ಮೇಲಿನಿಂದ ತಂತಿಯಲ್ಲಿ ತೂಗಿಸಿ. ಫಲಕದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಇರಲಿ. ಮಕ್ಕಳಿಗೆ ಬೇಕಾದದ್ದು ಇನ್ನೂ ಕೆಳಗೆ. ನಡೆಯುವ ದಾರಿ ವೀಲ್‌ಚೇರ್ ತಿರುಗುವಷ್ಟು ಅಗಲ ಬಿಡಿ. ಬಟ್ಟೆ, ಹಳೇ ಕಾಗದ, ಫೋಟೋ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು, ಕಸೂತಿ ಬಣ್ಣ ಮಾಸುತ್ತದೆ. ಅಳೆಯೋಕೆ ಮೊಬೈಲ್ ಆ್ಯಪ್ ಇದೆ, ಅಂದಾಜಿಗೆ ಸಾಕು. ಕಿಟಕಿ ಬಿಸಿಲು ಬೀಳುವ ಗೋಡೆಯನ್ನು ಫಲಕಕ್ಕೆ ಬಿಟ್ಟು, ಬಟ್ಟೆಯನ್ನು ಒಳಗೋಡೆಗೆ ತನ್ನಿ. ಧ್ವನಿ ಕೇಳಿಸುವ ಸ್ಪೀಕರ್, ಟಿವಿ ಇದ್ದರೆ ಕರೆಂಟ್ ಹೋದಾಗ ಏನು ಅಂತ ಮೊದಲೇ ಯೋಚಿಸಿ. ಆ ಮಾತುಗಳನ್ನು ಒಂದು ಪುಸ್ತಕ ಮಾಡಿ ಪಕ್ಕದಲ್ಲಿ ಇಟ್ಟಿದ್ದರೆ ಕರೆಂಟ್ ಬರುವ ತನಕ ಓದುತ್ತಾರೆ.

ಬಂದವರಿಂದ ಉತ್ತರ ತೆಗೆಯೋದು

ಬಾಗಿಲ ಹತ್ತಿರ ಅಭಿಪ್ರಾಯ ಪುಸ್ತಕ ಇಟ್ಟರೆ "ತುಂಬಾ ಚೆನ್ನಾಗಿದೆ, ಶುಭವಾಗಲಿ" ಅಂತ ಬರೆದು ಹೋಗುತ್ತಾರೆ. ಅದರಿಂದ ಏನೂ ತಿಳಿಯಲ್ಲ. ಪ್ರತಿ ಪ್ರಶ್ನೆಯ ಮುಂದೆ ಎರಡು ಮೂರು ಗಾಜಿನ ಡಬ್ಬಿ ಇಡಿ, ಒಳಗೆ ಬರುವಾಗ ಒಬ್ಬೊಬ್ಬರ ಕೈಗೆ ನಾಲ್ಕೈದು ಹುಣಸೆ ಬೀಜ ಕೊಡಿ. ನೀರು ಕಮ್ಮಿ ಇರುವ ವರ್ಷ ಮೊದಲ ಪಾಲು ಯಾರಿಗೆ: ಭತ್ತಕ್ಕಾ, ಕಾರ್ಖಾನೆಗಾ, ಕಾಲುವೆಯ ಕೊನೇ ಭಾಗದ ಊರಿಗಾ? ಬೀಜ ಹಾಕುವಾಗ ಜೊತೆಯಲ್ಲಿ ಬಂದವರ ಜೊತೆ ವಾದ ಶುರುವಾಗುತ್ತದೆ. ನೀವು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಿ, ಸಂಜೆ ಬರೆದಿಡಿ. ಡಬ್ಬಿಯ ಲೆಕ್ಕವನ್ನು ಸಮೀಕ್ಷೆ ಅಂತ ಮಾತ್ರ ಕರೆಯಬೇಡಿ, ಮ್ಯೂಸಿಯಂಗೆ ಬಂದವರ ಲೆಕ್ಕ ಅದು ಅಷ್ಟೇ.

ದಿನಕ್ಕೆ ಇಬ್ಬರಾದರೂ ಪಾಳಿ ಮೇಲೆ ಕೋಣೆಯಲ್ಲಿ ಇರಿ. ಉದ್ಘಾಟನೆಗೆ ದೊಡ್ಡವರನ್ನು ಕರೆಯೋದು ಇದ್ದೇ ಇರುತ್ತದೆ, ಅದರ ಜೊತೆ ವಸ್ತು ಕೊಟ್ಟವರು, ಮಾತಾಡಿದವರು ಎಲ್ಲರಿಗೂ ಬಸ್ ಚಾರ್ಜ್ ಕೊಟ್ಟು ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ.

ಮುಗಿದ ಮೇಲೆ ಬಿಚ್ಚುವ ಕೆಲಸವೂ ಇಂಟರ್ನ್‌ಶಿಪ್ಪೇ. ಚೀಟಿ ನೋಡಿ ಒಂದೊಂದೇ ವಸ್ತು ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ರೆಕಾರ್ಡಿಂಗ್‌ಗಳ ಒಂದು ಕಾಪಿ ಮ್ಯೂಸಿಯಂಗೆ, ಒಂದು ಕಾಲೇಜ್ ಲೈಬ್ರರಿಗೆ, ಮಾತಾಡಿದವರ ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು. ಫೈಲಿನ ಹೆಸರಲ್ಲೇ ಊರು, ತಾರೀಖು ಇರಲಿ. ಸನ್‌ಬೋರ್ಡ್‌ಗಳನ್ನು ಯಾವುದಾದರೂ ಸರ್ಕಾರಿ ಹೈಸ್ಕೂಲಿಗೆ ಕೇಳಿ ಕೊಟ್ಟುಬಿಡಿ, ಅಲ್ಲಿ ಇನ್ನೂ ಒಂದೆರಡು ವರ್ಷ ಗೋಡೆಯ ಮೇಲೆ ಇರುತ್ತವೆ.